ಡಬ್ಬಿಯೊಳಗಿನ ರೋಹಿಣಿ

ಹೊಸಬಾಳೆಯ ಉಚ್ಚಂಗಪ್ಪನ ಬಗ್ಗೆ ಬರೆಯಿರಿ ಎಂದು ನನ್ನನ್ನು ಯಾರೂ ಕೇಳಿಲ್ಲ. ಅವನು ಯಾವ ಚಳವಳಿಯಲ್ಲೂ ಜೈಲಿಗೆ ಹೋದವನಲ್ಲ, ಭಾಷಣ ಮಾಡಿದವನಲ್ಲ, ಅವನ ಫೋಟೋ ಯಾವ ಗೋಡೆಯ ಮೇಲೂ ಇಲ್ಲ. ಅವನಿಗೆ ಇದ್ದದ್ದು ಮಳೆ ನಂಬಿದ ನಾಲ್ಕು ಎಕರೆ ಗದ್ದೆ, ಒಂದು ಜೊತೆ ಎತ್ತು, ಬಂಗಾರಮ್ಮನೆಂಬ ಹೆಂಡತಿ ಮತ್ತು ಒಂದು ಮಾತು. ಆ ಮಾತನ್ನು ವರ್ಷಕ್ಕೊಂದು ಸಲ ಆಡುತ್ತಿದ್ದ. 'ನಾಡಿದ್ದು ಹೂಡಿ' ಅಂತ. ಅಷ್ಟೇ. ಅವನು ಹಾಗೆಂದ ಮೇಲೆಯೇ ಹೊಸಬಾಳೆಯಲ್ಲಿ ಬಿತ್ತನೆ ಶುರುವಾಗುತ್ತಿತ್ತು. ಆ ಮಾತು ಅವನ ಕೈತಪ್ಪಿ ಹೋದದ್ದು ನನ್ನಿಂದ. ಆದ್ದರಿಂದ ಬರೆಯಬೇಕಾದವನೂ ನಾನೇ.

ಒಂದು ಮಾತಿಗೆ ಅಷ್ಟೆಲ್ಲ ಬೆಲೆಯೇ ಎಂದು ಪೇಟೆಯವರು ಕೇಳಬಹುದು. ನಮ್ಮ ಸೊರಬದ ಕಡೆ ಭತ್ತವನ್ನು ಒಣ ನೆಲಕ್ಕೆ ಕೂರಿಗೆಯಿಂದ ಬಿತ್ತುತ್ತಾರೆ. ಕೂರಿಗೆಯ ಬಟ್ಟಲಿಗೆ ಬೀಜ ಸುರಿದು ಎತ್ತು ಹೂಡಿ ಎಳೆದರೆ ಬೀಜ ಸಾಲು ಹಿಡಿದು ನೆಲ ಸೇರುತ್ತದೆ. ಬೇಗ ಬಿತ್ತಿದರೆ ಬೀಜ ಇರುವೆಯ ಪಾಲು, ಹಕ್ಕಿಯ ಪಾಲು. ತಡವಾದರೆ ಮಳೆ ಹಿಡಿದು ನೆಲವೆಲ್ಲ ಕೆಸರಾಗಿ ಕೂರಿಗೆ ಒಂದು ಮಾರು ಮುಂದಕ್ಕೆ ಹೋಗುವುದಿಲ್ಲ. ಎರಡರ ನಡುವೆ ಸಿಗುವ ಐದಾರು ದಿನಗಳಲ್ಲಿ ವರ್ಷದ ಅನ್ನದ ತೀರ್ಮಾನವಾಗಬೇಕು. ಪಂಚಾಂಗದವರು ರೋಹಿಣಿ ಮಳೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಹದಿನಾಲ್ಕು ದಿನದ ಲೆಕ್ಕ ಕೊಟ್ಟು ದಕ್ಷಿಣೆ ತೆಗೆದುಕೊಂಡು ಒಳಗೆ ಹೋಗಿಬಿಡುತ್ತಾರೆ. ಆ ಹದಿನಾಲ್ಕರಲ್ಲಿ ಯಾವ ದಿನ ಎಂಬುದನ್ನು ಹೇಳಲು ಉಚ್ಚಂಗಪ್ಪನೇ ಬೇಕಿತ್ತು.

ಅವನ ವಿಧಾನ ಬಹಳ ಸರಳ. ಬೇಸಿಗೆಯ ಕೊನೆಯಲ್ಲಿ ದಿನಾ ಮುಸ್ಸಂಜೆ ಕೆರೆ ಏರಿಯ ಮೇಲೆ ಹೋಗಿ ನಿಲ್ಲುವುದು. ತೆಂಕು ಮೂಡಲ ಮೂಲೆಯಲ್ಲಿ, ಕೆರೆಯ ಆಚೆ ದಡದಲ್ಲಿ ಒಂದು ಹುಣಸೆಮರ. ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಆ ಮರದ ನೆತ್ತಿಯ ಮೇಲೆ ಕೆಂಪು ಚುಕ್ಕಿಯೊಂದು ಕಂಡಿತೆಂದರೆ 'ರೋಣಿ ಮೂಡ್ತು' ಎನ್ನುವನು. ರೋಹಿಣಿ ಊರವರ ಬಾಯಲ್ಲಿ ರೋಣಿ. ಆಮೇಲೆ ಏರಿ ಇಳಿದು ಬಂದು ಆ ಒಂದು ಮಾತು ಹೇಳುವನು. ಮೂರನೆಯ ದಿನ ಊರ ಕೂರಿಗೆಗಳೆಲ್ಲ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ನಿಲ್ಲುತ್ತಿದ್ದವು. ಒಂದೊಂದರ ಬಟ್ಟಲಿಗೂ ಮೊದಲ ಹಿಡಿ ಬೀಜ ಉಚ್ಚಂಗಪ್ಪನ ಕೈಯಿಂದಲೇ ಬೀಳಬೇಕು. ಅವನಿಗಿಂತ ಮೊದಲು ಅವನ ದೊಡ್ಡಪ್ಪ ಹಾಗೆ ಮಾಡುತ್ತಿದ್ದನಂತೆ. ಮೂವತ್ತು ವರ್ಷದಿಂದ ಇವನು. ಈ ಕೆಲಸಕ್ಕೆ ಸಂಬಳವಿಲ್ಲ, ಕಾಳುಕಡಿಯಿಲ್ಲ. ಆ ಒಂದು ದಿನ ಮಾತ್ರ ಊರಿನ ದೊಡ್ಡ ಹಿಡುವಳಿದಾರರೂ ಅವನಿಗೆ ದಾರಿ ಬಿಟ್ಟು ನಿಲ್ಲುತ್ತಿದ್ದರು. ವರ್ಷದ ಉಳಿದ ದಿನಗಳಲ್ಲಿ ಅವನು ನಾಲ್ಕು ಎಕರೆಯ ಉಚ್ಚಂಗಪ್ಪ.

ಇನ್ನು ನಾನು. ಹೆಸರು ಮಾಬ್ಲೇಶ್ವರ. ಊರು ಸೊರಬ. ಬಿಎಸ್ಸಿ ಮುಗಿಸಿ ಶಿಕಾರಿಪುರದ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದಿದ್ದೆ. ವಯಸ್ಸು ಇಪ್ಪತ್ತಾರು. ಆ ವಯಸ್ಸಿನಲ್ಲಿ ಬಿಎಸ್ಸಿ ಆದವನಿಗೆ ಗೊತ್ತಿಲ್ಲದ್ದು ಏನಿರುತ್ತದೆ? ರಷ್ಯದವರು ಸ್ಪುಟ್ನಿಕ್ ಹಾರಿಸಿದ್ದು ೧೯೫೭ರ ಅಕ್ಟೋಬರಿನಲ್ಲಿ. ಅದರಿಂದ ಅಮೆರಿಕದವರ ತಲೆ ಕೆಟ್ಟಿತೆಂದು ಪತ್ರಿಕೆಗಳಲ್ಲಿ ಬಂದಿತ್ತು. ಶಿಕಾರಿಪುರದಲ್ಲಿ ಕೆಟ್ಟದ್ದು ನನ್ನ ತಲೆ. ನಮ್ಮ ಜನಕ್ಕೂ ಆಕಾಶ ತೋರಿಸಬೇಕೆಂಬ ಹುಚ್ಚು ಹಿಡಿಯಿತು. ಅವರು ದಿನವೂ ಆಕಾಶದ ಕೆಳಗೇ ಬದುಕುವವರು ಎಂಬ ವಿಚಾರ ನನಗೆ ಹೊಳೆಯಲಿಲ್ಲ.

ಪುಣೆಯಲ್ಲಿ ಒಂದು ಗುಮ್ಮಟ ಕಟ್ಟಿ, ಹಾಡಹಗಲೇ ಅದರೊಳಗೆ ನಕ್ಷತ್ರ ತೋರಿಸುತ್ತಾರೆಂದು ಎಲ್ಲೋ ಓದಿದ್ದೆ. ಪುಣೆಗೆ ಹೋಗಿಬರಲು ನನಗೆ ರಜೆಯಿರಲಿಲ್ಲ. ಆದರೆ ಸ್ಕೂಲಿನ ಉಗ್ರಾಣದಲ್ಲಿ ಮಕ್ಕಳಿಗೆ ಕೊಡುವ ಹಾಲಿನ ಪುಡಿಯ ಖಾಲಿ ಡಬ್ಬಿಗಳಿದ್ದವು. ದುಂಡಗಿನದೊಂದನ್ನು ಆರಿಸಿ ತಂದು, ಮೈಸೂರಿನಿಂದ ತರಿಸಿದ ನಕ್ಷತ್ರಪಟ ನೋಡುತ್ತ ಮೊಳೆಯಿಂದ ಒಂದೊಂದೇ ತೂತು ಹೊಡೆದೆ. ಮುನ್ನೂರ ಹನ್ನೆರಡು ತೂತು. ಕೆಂಪು ನಕ್ಷತ್ರಗಳಿಗೆ ಪೆಪ್ಪರಮೆಂಟು ಸುತ್ತುವ ಕೆಂಪು ಕಾಗದ ಅಂಟಿಸಿದೆ. ಕಾಗದ ರೋಹಿಣಿಗೆ ಒಂದು ಚೂರು, ಜ್ಯೇಷ್ಠೆಗೆ ಒಂದು ಚೂರು ಆಗುವಷ್ಟರಲ್ಲಿ ಮುಗಿಯಿತು. ಆರಿದ್ರೆ ಬಿಳಿಯಾಗಿಯೇ ಉಳಿಯಿತು. ಡಬ್ಬಿಯೊಳಗೆ ಬಲ್ಬು ಇಟ್ಟು, ಲ್ಯಾಬಿನ ಕಿಟಕಿಗಳಿಗೆ ಕಂಬಳಿ ಕಟ್ಟಿ, ಪಂಚೆಗಳನ್ನು ಸೇರಿಸಿ ಹೊಲಿಸಿ ಬಿದಿರುಗಳುವಿನ ಗೂಡಿನ ಮೇಲೆ ಹೊದಿಸಿ ಗುಮ್ಮಟ ಮಾಡಿದೆ. ಬಲ್ಬು ಹೊತ್ತಿಸಿದರೆ ಪಂಚೆಯ ಮೇಲೆಲ್ಲ ನಕ್ಷತ್ರ. ಡಬ್ಬಿ ತಿರುಗಿಸಿದರೆ ನಕ್ಷತ್ರಗಳು ಹುಟ್ಟುತ್ತಿದ್ದವು, ಮುಳುಗುತ್ತಿದ್ದವು. ಅದನ್ನು ಮೊದಲ ಸಲ ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಸುಳ್ಳು ಹೇಳುವುದಿಲ್ಲ, ಈಗ ನೆನೆದರೂ ಬರುತ್ತದೆ.

೧೯೫೮ರ ಮಾರ್ಚಿನಲ್ಲಿ ಸ್ಕೂಲಿನಲ್ಲಿ ವಿಜ್ಞಾನ ಪ್ರದರ್ಶನ. ವಿದ್ಯುತ್ ಗಂಟೆ, ಅಯಸ್ಕಾಂತ, ಸೀಸೆಯಲ್ಲಿ ಕಪ್ಪೆ, ಮಣ್ಣಿನಲ್ಲಿ ಮಾಡಿದ ಮನುಷ್ಯನ ಶ್ವಾಸಕೋಶ, ಇವೆಲ್ಲ ಹೊರಗೆ. ಒಳಗೆ ನನ್ನ ಗುಮ್ಮಟ. ಬಾಗಿಲ ಮೇಲೆ 'ನಕ್ಷತ್ರ ಮಂದಿರ' ಎಂದು ಬಣ್ಣದಲ್ಲಿ ಬರೆಸಿದ್ದೆ. ಮಂದಿರವೆಂದು ಓದಿದ ಜನ ಚಪ್ಪಲಿ ಹೊರಗೆ ಬಿಟ್ಟು ಕೈಮುಗಿದುಕೊಂಡು ಒಳಗೆ ಬರತೊಡಗಿದರು. ಬಳ್ಳಿಗಾವಿಯಿಂದ ಬಂದ ಹೆಂಗಸೊಬ್ಬಳು ಹಣ್ಣುಕಾಯಿಯನ್ನೂ ತಂದಿದ್ದಳು. ನಾನು ಸಿಟ್ಟಿನಿಂದ ವಾಪಸು ಕಳಿಸಿದೆ. ಮೂಢನಂಬಿಕೆಯ ಮೇಲೆ ಆಗ ನನಗೆ ಬಹಳ ಸಿಟ್ಟು.

ಮೂರನೆಯ ದಿನ ಗ್ರಾಮಸೇವಕ ಸದಾಶಿವಪ್ಪ ಸೊರಬ ತಾಲೂಕಿನ ರೈತರನ್ನು ಲಾರಿಯಲ್ಲಿ ತುಂಬಿಕೊಂಡು ಬಂದ. ಹಳ್ಳಿಯ ರೈತರಿಗೆ ಹೊಸ ಬೇಸಾಯ ಹೇಳಿಕೊಡಲು ಸರ್ಕಾರ ನೇಮಿಸಿದ್ದ ಹುಡುಗ. ಭತ್ತವನ್ನು ಜಪಾನ್ ಪದ್ಧತಿಯಲ್ಲಿ ಸಸಿ ಮಾಡಿ ನಾಟಿ ಹಾಕಿಸಬೇಕೆಂದು ಅವನಿಗೆ ಮೇಲಿನಿಂದ ಹುಕುಂ. ಹೊಸಬಾಳೆಯವರು ಮಾತ್ರ ಕೂರಿಗೆ ಬಿಡುತ್ತಿರಲಿಲ್ಲ. ಅವನ ಜೊತೆಗೆ ಹೊಸಬಾಳೆಯ ಪಂಚಾಯ್ತಿ ಛೇರ್ಮನ್ ಲೋಕಪ್ಪ ಇದ್ದ. ಲೋಕಪ್ಪನ ಹಿಂದೆ ಕಂಬಳಿ ಹೆಗಲಿಗೆ ಹಾಕಿಕೊಂಡು, ಅರವತ್ತರ ಆಸುಪಾಸಿನ ಒಬ್ಬ ತೆಳ್ಳಗಿನ ಮನುಷ್ಯ. ಅವನೇ ಉಚ್ಚಂಗಪ್ಪ. ನಾನು ಅವನನ್ನು ನೋಡಿದ್ದು ಅದೇ ಮೊದಲು.

ಬಾಗಿಲು ಹಾಕಿ ಬಲ್ಬು ಹೊತ್ತಿಸಿದೆ. ಜನ 'ಅಯ್ಯಯ್ಯೋ' ಎಂದು ಉದ್ಗಾರ ತೆಗೆದರು. ಉಚ್ಚಂಗಪ್ಪ ಸದ್ದಿಲ್ಲದೆ ನೆಲದ ಮೇಲೆ ಮಲಗಿಯೇಬಿಟ್ಟ. ನಿಂತು ನೋಡಿದರೆ ಕತ್ತು ನೋಯುತ್ತದೆಂದು ಗೊತ್ತಿದ್ದವನು ಅಷ್ಟು ಜನರಲ್ಲಿ ಅವನೊಬ್ಬನೇ. ಮಲಗಿದಲ್ಲಿಂದಲೇ ಹೆಸರು ಹೇಳತೊಡಗಿದ.

"ಅದು ಕಿತ್ತಿಗೆ. ಅದು ಮಿರ್ಗ. ಹಾ, ಅಲ್ಲಿ ಆರಿದ್ರೆ. ಎಂತ ಚೆಂದ ಮಾಡಿರಿ ಮೇಷ್ಟ್ರೇ! ಎಲ್ಲಾ ಅಲ್ಲಲ್ಲೇ ಐತೆ."

ನನಗೆ ಹಿಗ್ಗಾಯಿತು. ಉದ್ದನೆಯ ಕೋಲಿನಿಂದ ಪಡುವಲ ದಿಕ್ಕಿನ ಕೆಂಪು ಚುಕ್ಕಿ ತೋರಿಸಿ, "ಕೃತ್ತಿಕೆಯ ಪಕ್ಕದಲ್ಲೇ ಕೆಂಪಗೆ ಕಾಣ್ತದಲ್ಲ, ಅದು ರೋಹಿಣಿ" ಎಂದೆ.

"ಅದಲ್ಲ ಮೇಷ್ಟ್ರೇ" ಎಂದ ಉಚ್ಚಂಗಪ್ಪ. "ಅದಕ್ಕೆ ನಮ್ಮ ಕಡೆ ಹೆಸರಿಲ್ಲ. ರೋಣಿ ಇನ್ನೂ ಬಂದಿಲ್ಲ. ಅದು ಬಿತ್ತನೆ ಹೊತ್ತಿಗೆ ತೆಂಕ ಮೂಲೇಲಿ ಏಳ್ತತೆ."

ಜನರ ಮುಂದೆ ತಪ್ಪು ಹಿಡಿಸಿಕೊಳ್ಳುವುದು ಮೇಷ್ಟ್ರುಗಳಿಗೆ ಆಗಿಬರುವುದಿಲ್ಲ. ಅದರಲ್ಲೂ ತಪ್ಪು ಇಲ್ಲದಿರುವಾಗ. "ಹೌದಾ? ಹಾಗಾದರೆ ಬಿತ್ತನೆ ಹೊತ್ತಿನ ಆಕಾಶವನ್ನೇ ತೋರಿಸ್ತೇನೆ, ನೋಡು" ಎಂದು ಡಬ್ಬಿಯನ್ನು ಮೇ ತಿಂಗಳ ಕೊನೆಯ ಮುಸ್ಸಂಜೆಗೆ ತಿರುಗಿಸಿದೆ. ಪಡುವಲದ ನಕ್ಷತ್ರಗಳು ಪಂಚೆಯ ಅಂಚಿನಲ್ಲಿ ಮುಳುಗಿದವು. ತೆಂಕು ಮೂಡಲಲ್ಲಿ ಇನ್ನೊಂದು ಕೆಂಪು ಚುಕ್ಕಿ ಮೇಲಕ್ಕೆದ್ದಿತು.

ಉಚ್ಚಂಗಪ್ಪ ಎದ್ದು ಕೂತ. "ಬಂತು ನೋಡ್ರಿ! ಇದೇ. ಇದೇ ನಮ್ ರೋಣಿ!"

"ಇದು ಜ್ಯೇಷ್ಠಾ ನಕ್ಷತ್ರ" ಎಂದೆ.

ಕತ್ತಲೆಯಲ್ಲಿ ಯಾರೋ ಕಿಸಕ್ಕೆಂದರು. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಪಾಠ ಮಾಡಿದೆ. ರೋಹಿಣಿ ಮಳೆಯೆಂದರೆ ಸೂರ್ಯ ರೋಹಿಣಿಯಲ್ಲಿರುವ ಕಾಲ. ಸೂರ್ಯನ ಜೊತೆಗೇ ಅದು ಹುಟ್ಟುತ್ತದೆ, ಅವನ ಜೊತೆಗೇ ಮುಳುಗುತ್ತದೆ. ಆದ್ದರಿಂದ ರೋಹಿಣಿ ಮಳೆಯಲ್ಲಿ ರೋಹಿಣಿ ನಕ್ಷತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. "ನೀನು ಮೂವತ್ತು ವರ್ಷದಿಂದ ನೋಡ್ತಾ ಇರೋದು ಜ್ಯೇಷ್ಠೆಯನ್ನು" ಎಂದು ಮುಗಿಸಿದೆ. ನನ್ನ ದನಿ ಎಷ್ಟು ಸ್ಪಷ್ಟವಾಗಿತ್ತೆಂದರೆ ಹೊರಗೆ ಕಪ್ಪೆ ನೋಡುತ್ತಿದ್ದವರಿಗೂ ಕೇಳಿಸಿತಂತೆ.

ಜ್ಯೇಷ್ಠೆಯೆಂದರೆ ನಮ್ಮ ಜನಕ್ಕೆ ಏನೆಂದು ವಿವರಿಸಬೇಕಾಗಿಲ್ಲ. ಲಕ್ಷ್ಮಿಯ ಅಕ್ಕ. ಲಕ್ಷ್ಮಿ ಹೊರಟ ಮನೆಗೆ ಕಾಲಿಡುವವಳು. ಲೋಕಪ್ಪ ಗುಮ್ಮಟ ಅದುರುವಂತೆ ನಕ್ಕ. "ಏನೋ ಉಚ್ಚಂಗಪ್ಪಾ, ಮೂವತ್ತು ವರ್ಷ ಊರಿಗೆಲ್ಲ ಜೇಷ್ಠೆ ಕೈಲಿ ಬಿತ್ತಿಸಿದ್ಯಾ? ಅದಕ್ಕೇ ನಮ್ಮೂರು ಹಿಂಗೈತೆ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಗಿಲು ತೆಗೆದಾಗ ಉಚ್ಚಂಗಪ್ಪ ಕಂಬಳಿ ಕೊಡವಿಕೊಂಡು ಎಲ್ಲರಿಗಿಂತ ಕೊನೆಗೆ ಹೊರಗೆ ಹೋದ. ಅವನ ಚಪ್ಪಲಿ ಯಾರದೋ ಕಾಲಿಗೆ ಹೋಗಿತ್ತು. ಬರಿಗಾಲಲ್ಲಿ ಲಾರಿ ಹತ್ತಿದ.

ಒಂದು ವಾರ ಕಳೆದು ಅವನು ಮತ್ತೆ ಬಂದ. ಈ ಸಲ ಬಸ್ಸಿನಲ್ಲಿ, ಒಬ್ಬನೇ, ಕಂಕುಳಲ್ಲಿ ಒಂದು ಎಳೆ ಹಲಸಿನಕಾಯಿ. ಕ್ಲಾಸು ಮುಗಿಯುವವರೆಗೆ ಜಗುಲಿಯ ತುದಿಯಲ್ಲಿ ಕೂತಿದ್ದ. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡೆ. ಅವನು ಬಂದದ್ದು ಕಲಿಯಲಿಕ್ಕೆ.

"ನಿಜವಾದ ರೋಣಿ ಕಣ್ಣಿಗೆ ಬೀಳೋದು ಯಾವಾಗ ಮೇಷ್ಟ್ರೇ?"

ನನಗೆ ಬಹಳ ಸಂತೋಷವಾಯಿತು. ಪಟ ಬಿಡಿಸಿ ಲೆಕ್ಕ ಹಾಕಿದೆ. "ಜೂನ್ ಇಪ್ಪತ್ತರ ಹೊತ್ತಿಗೆ. ಬೆಳಿಗ್ಗೆ ಸೂರ್ಯ ಹುಟ್ಟೋದಕ್ಕೆ ಮೊದಲು, ಮೂಡಲಲ್ಲಿ."

"ಹಂಗಾರೆ ಅದು ಕಂಡ್ ಮೇಲೆ ರೋಣಿ ಮೂಡ್ತು ಅನ್ನಬೌದಾ?"

"ಅನ್ನಬಹುದು. ಅದೇ ವೈಜ್ಞಾನಿಕ."

ಆ ಪದವನ್ನು ಅವನು ಎರಡು ಸಲ ಹೇಳಿಕೊಂಡು ಬಾಯಿಪಾಠ ಮಾಡಿಕೊಂಡ. ಹಲಸಿನಕಾಯಿ ಮೇಜಿನ ಕೆಳಗಿಟ್ಟು ಹೋದ. ಯಾತಕ್ಕೆ ಕೇಳುತ್ತಿದ್ದಾನೆ ಎಂದು ನಾನು ಕೇಳಲಿಲ್ಲ. ಒಬ್ಬ ಮುದುಕನಿಗೆ ವಿಜ್ಞಾನದ ಕಣ್ಣು ತೆರೆಸಿದೆನೆಂದು ಅಂದು ಸಂಜೆ ಹೆಡ್‌ಮಾಸ್ಟರಿಗೆ ಹೇಳಿದೆ. ಹಲಸಿನಕಾಯಿ ಹುಳಿಯೂ ಚೆನ್ನಾಗಿತ್ತು.

ಬೇಸಿಗೆ ರಜೆಗೆ ಸೊರಬಕ್ಕೆ ಬಂದೆ. ಜೂನ್ ತಿಂಗಳ ಮೊದಲ ವಾರ, ಸಂತೆಯ ದಿನ, ಹೆಂಗಸೊಬ್ಬಳು ನಮ್ಮ ಮನೆಯ ಅಂಗಳದಲ್ಲಿ ಬಂದು ನಿಂತಳು. "ಡಬ್ಬಿ ಮೇಷ್ಟ್ರು ನೀವೇನಾ? ನಾನು ಬಂಗಾರಮ್ಮ, ಹೊಸಬಾಳೆ ಉಚ್ಚಂಗಪ್ಪನ ಮನೆಯಾಕೆ" ಎಂದಳು. ಜಗುಲಿಯ ಮೇಲೆ ಕೂರು ಎಂದರೂ ಕೂರಲಿಲ್ಲ.

"ನಮ್ಮನೆಯೋರಿಗೆ ಎಂತ ಹೇಳಿ ಕಳ್ಸಿದೀರಿ? ಕೆಂಪು ಚುಕ್ಕಿ ಹುಣಸೆಮರದ ಮೇಲೆ ಬಂದು ಐದು ದಿನ ಆತು. ನೆಲ ಹದವಾಗೈತೆ. ಊರೋರು ಬಂದು ಬಂದು ಕೇಳ್ತಾರೆ. ಇವರು ಅದಕ್ಕೆ ಬೆನ್ನು ಹಾಕಿ ಕೂತಿರ್ತಾರೆ. 'ಅದು ಜೇಷ್ಠೆ, ಅದನ್ನ ನೋಡಿ ಬಿತ್ತಬಾರ್ದು' ಅಂತಾರೆ. ಬೆಳಗಾಗೋಕೆ ಮುಂಚೆ ಏರಿ ಮೇಲೆ ಹೋಗಿ ಮೂಡಲ ನೋಡ್ತಾರೆ. ಅಲ್ಲಿ ಏನೂ ಇಲ್ಲ. ನಾಕು ದಿನದಲ್ಲಿ ಮಳೆ ಹಿಡೀತತೆ. ನೀವೊಂದು ಮಾತು ಹೇಳಿ. ನೀವು ಹೇಳಿದ್ರೆ ಕೇಳ್ತಾರೆ."

ಅಷ್ಟು ದೂರದಿಂದ ಆ ಹೆಂಗಸು ಬಂದದ್ದು ಆ ಒಂದು ಮಾತಿಗೆ. ನಾನು ಹೇಳಿದ್ದೇನು ಗೊತ್ತೆ? "ಅವನು ಹೇಳೋದು ಸರಿಯಾಗೇ ಇದೆ ಬಂಗಾರಮ್ಮ. ಅದು ರೋಹಿಣಿ ಅಲ್ಲ."

"ಸರಿ ಇದ್ರೆ ಸರಿ. ಉಣ್ಣಾದೆಂತ?" ಎಂದು ಕೇಳಿದಳು.

ನಾನು ನಕ್ಕೆ. ಹಳ್ಳಿಯ ಹೆಂಗಸಿನ ಚುರುಕು ಮಾತೆಂದು ಮೆಚ್ಚಿಕೊಂಡು ನಕ್ಕೆ. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಸಂತೆಯ ಕಡೆ ಹೋದಳು.

ಮಳೆ ಬಂದದ್ದು ಅವಳು ಹೇಳಿದ ನಾಕು ದಿನಕ್ಕಲ್ಲ, ಎರಡೇ ದಿನಕ್ಕೆ. ಬಂದದ್ದು ಬಿಡಲಿಲ್ಲ. ಹೊಸಬಾಳೆಯ ಕೂರಿಗೆಗಳು ಅರಿಸಿನವನ್ನೂ ಕಾಣದೆ ಅಟ್ಟ ಸೇರಿದವು. ಮೂಡಲಲ್ಲಿ ನಿಜವಾದ ರೋಹಿಣಿ ನಾನು ಹೇಳಿದ ದಿನಕ್ಕೆ ಸರಿಯಾಗಿ ಹುಟ್ಟಿರಲೇಬೇಕು. ಹತ್ತು ದಿನದ ಮೋಡದ ಹಿಂದೆ ಅದನ್ನು ನೋಡಲು ಬ್ರಹ್ಮನಿಗೂ ಆಗುತ್ತಿರಲಿಲ್ಲ. ಉಚ್ಚಂಗಪ್ಪ ಮಾತ್ರ ಕಂಬಳಿಕೊಪ್ಪೆ ಹಾಕಿಕೊಂಡು ಪ್ರತಿ ಬೆಳಿಗ್ಗೆ ಏರಿಯ ಮೇಲೆ ನಿಂತಿರುತ್ತಿದ್ದನಂತೆ. ವೈಜ್ಞಾನಿಕ ಎಂಬ ಪದದ ಮೇಲೆ ಅಷ್ಟು ಭಕ್ತಿಯಿಟ್ಟ ಮನುಷ್ಯನನ್ನು ನಾನು ಯಾವ ಕಾಲೇಜಿನಲ್ಲೂ ಕಂಡಿಲ್ಲ.

ಊರಿನವರು ಆನವಟ್ಟಿ ಕಡೆಯ ನಂಟರಿಷ್ಟರಿಂದ ಸಸಿ ಬೇಡಿ ತಂದು ತಡವಾಗಿ ನಾಟಿ ಹಾಕಿದರು. ಬಂಗಾರಮ್ಮನೂ ಉಳಿದ ಹೆಂಗಸರೂ ಮಳೆಯಲ್ಲಿ ಬೆನ್ನು ಬಗ್ಗಿಸಿ ಅಭ್ಯಾಸವಿಲ್ಲದ ಕೆಲಸ ಮಾಡಿದರು. ಬೆಳೆ ಅರ್ಧಕ್ಕರ್ಧ ಬಂತು. ಸುಗ್ಗಿ ಮುಗಿದ ಮೂರು ತಿಂಗಳಿಗೇ ಊರಿನಲ್ಲಿ ಅನ್ನ ಮುಗಿದು ಅಂಬಲಿ ಶುರುವಾಯಿತು.

ಊರು ಯಾರನ್ನು ಬೈದಿತು? ನನ್ನನ್ನು ಬೈದಿದ್ದರೆ ನಾನು ಇಷ್ಟು ಬರೆಯಬೇಕಾಗಿಯೇ ಇರಲಿಲ್ಲ. 'ಮೇಷ್ಟ್ರು ಓದಿದೋರು, ಸರಿಯಾಗೇ ಹೇಳಿರ್ತಾರೆ. ಇವನ ತಲೆಗೆ ಹೋಗಿಲ್ಲ' ಎಂದು ಲೋಕಪ್ಪ ಪಂಚಾಯ್ತಿಯಲ್ಲಿ ಹೇಳಿದ. ಎಲ್ಲರೂ ಒಪ್ಪಿದರು. ಉಚ್ಚಂಗಪ್ಪನೂ ಹೌದೆಂದು ತಲೆಯಾಡಿಸಿದನಂತೆ. ಇನ್ನು ಮುಂದೆ ಉಚ್ಚಂಗಪ್ಪನನ್ನು ಕೇಳತಕ್ಕದ್ದಲ್ಲ ಎಂದು ಆ ದಿನವೇ ತೀರ್ಮಾನವಾಯಿತು.

ಸದಾಶಿವಪ್ಪ ತನ್ನ ಮೇಲಿನವರಿಗೆ ವರದಿ ಬರೆದ. 'ಹೊಸಬಾಳೆ ಗ್ರಾಮದ ರೈತರು ವಿಜ್ಞಾನ ಪ್ರದರ್ಶನದಿಂದ ಪ್ರೇರಿತರಾಗಿ, ಅನಾದಿಯಿಂದ ಬಂದ ಕೂರಿಗೆ ಬಿತ್ತನೆಯನ್ನು ಸ್ವಂತ ಇಚ್ಛೆಯಿಂದ ಕೈಬಿಟ್ಟು ನಾಟಿ ಪದ್ಧತಿಯನ್ನು ಅಳವಡಿಸಿಕೊಂಡಿರುತ್ತಾರೆ.' ಅದರ ಒಂದು ಪ್ರತಿ ನಮ್ಮ ಸ್ಕೂಲಿಗೂ ಬಂತು. ನನಗೆ ಒಂದು ಪ್ರಶಂಸಾಪತ್ರ ಬಂತು. ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದೆ.

ಆ ಪತ್ರ ಬರುವುದಕ್ಕೂ ಮೊದಲು, ನಾಟಿ ಹಾಕಿದ ಆ ಜುಲೈನಲ್ಲಿ, ಮಳೆಯ ಒಂದು ಮಧ್ಯಾಹ್ನ, ಲ್ಯಾಬಿನಲ್ಲಿ ಡಬ್ಬಿಯ ತುಕ್ಕು ಉಜ್ಜುತ್ತಿದ್ದೆ. ಬೆರಳಿಗೆ ರೋಹಿಣಿಯ ಕೆಂಪು ಕಾಗದ ತಗುಲಿತು. ಇನ್ನೊಂದು ಕಾಗದ ಎಲ್ಲಿದೆಯೆಂದು ಹುಡುಕಿದೆ. ಡಬ್ಬಿಯ ಸರಿಯಾಗಿ ಆಚೆ ಮಗ್ಗುಲಲ್ಲಿತ್ತು. ಆಡಿನ ಎರಡು ಕಣ್ಣುಗಳಂತೆ, ಒಂದು ಈ ಕಡೆ, ಒಂದು ಆ ಕಡೆ. ಡಬ್ಬಿಯನ್ನು ಮೆಲ್ಲಗೆ ತಿರುಗಿಸಿದೆ. ಒಂದು ಮುಳುಗುವಾಗ ಇನ್ನೊಂದು ಹುಟ್ಟುತ್ತಿತ್ತು. ಹಾಗಾದರೆ ಸೂರ್ಯ ರೋಹಿಣಿಯ ಜೊತೆ ಮುಳುಗುವ ಮುಸ್ಸಂಜೆಯಲ್ಲಿ ಎದುರು ದಿಕ್ಕಿನಲ್ಲಿ ಜ್ಯೇಷ್ಠೆ ಹುಟ್ಟಲೇಬೇಕು. ಪ್ರತಿ ವರ್ಷ, ಅದೇ ದಿನಗಳಲ್ಲಿ. ಕಾಣದ ರೋಹಿಣಿಗೆ ಕಾಣುವ ಗುರುತೆಂದರೆ ಅದೊಂದೇ. ಉಚ್ಚಂಗಪ್ಪ ಹೇಳುತ್ತಿದ್ದ ಹೆಸರು ತಪ್ಪು, ದಿನ ಸರಿ. ನನ್ನ ಹೆಸರು ಸರಿ, ದಿನ ತಪ್ಪು.

ಆ ತೂತುಗಳನ್ನು ಹೊಡೆದವನು ನಾನೇ. ಕಾಗದ ಅಂಟಿಸಿದವನೂ ನಾನೇ. ನಾಲ್ಕು ತಿಂಗಳು ಕೈಯಲ್ಲಿಟ್ಟುಕೊಂಡು ತಿರುಗಿಸಿದ್ದರೂ ನೋಡಿರಲಿಲ್ಲ. ಸ್ಟೂಲಿನ ಮೇಲೆ ಕೂತೆ. ನಾಳೆಯೇ ಹೊಸಬಾಳೆಗೆ ಹೋಗಿ ಹೇಳಬೇಕೆಂದುಕೊಂಡೆ. ನಾಳೆ ಕಿರುಪರೀಕ್ಷೆ ಬಂತು, ಆಮೇಲೆ ಇನ್‌ಸ್ಪೆಕ್ಟರ್ ಬಂದರು, ಆಮೇಲೆ ಆ ಪ್ರಶಂಸಾಪತ್ರ ಬಂತು. ಪತ್ರ ಬಂದ ಮೇಲೆ ಹೋಗುವುದು ಇನ್ನಷ್ಟು ಕಷ್ಟವಾಯಿತು. ಇದನ್ನು ಹೇಡಿತನ ಎನ್ನದೆ ಬೇರೆ ಏನೆನ್ನಲಿ.

ಮಾರನೆಯ ವರ್ಷ, ಅಂದರೆ ೧೯೫೯ರ ಮೇ ಕೊನೆ, ಲೋಕಪ್ಪ ಸೊರಬದ ನಮ್ಮ ಮನೆಗೇ ಬಂದ. ಬಾಳೆಗೊನೆ ತಂದಿದ್ದ. "ಈ ವರ್ಷ ನಾಟಿ ಬ್ಯಾಡ ಅಂತಾರೆ ಜನ. ಕೂರಿಗೆನೇ ಸೈ. ಬಿತ್ತಾ ದಿನ ಮಾತ್ರ ನೀವೇ ಹೇಳ್ಬೇಕು ಮೇಷ್ಟ್ರೇ. ಆ ಜೇಷ್ಠೆ ಕಡೆಯೋನು ನಮಗೆ ಬ್ಯಾಡ" ಎಂದ.

ಜೇಷ್ಠೆ ಕಡೆಯೋನು. ಊರಿನಲ್ಲಿ ಅವನಿಗೆ ಈಗ ಆ ಹೆಸರು ಬಿದ್ದಿತ್ತು. ಅಲ್ಲೇ ಬಾಯಿ ಬಿಡಬೇಕಿತ್ತು. "ನೋಡಿ ಹೇಳ್ತೇನೆ" ಎಂದೆ.

ಅದೇ ದಿನ ಬಿಸಿಲು ಇಳಿದ ಮೇಲೆ ಸೈಕಲ್ ತುಳಿದುಕೊಂಡು ಹೊಸಬಾಳೆಗೆ ಹೋದೆ. ಊರೊಳಗಿನ ದಾರಿ ಬಿಟ್ಟು ಕೆರೆಯ ಕಡೆಯಿಂದ ಹೋದೆ, ಯಾರೂ ನೋಡದಿರಲೆಂದು. ಬಂಗಾರಮ್ಮ ನೀರು ಬೆಲ್ಲ ತಂದಿಟ್ಟಳು. ಇಟ್ಟು ಒಳಗೆ ಹೋದಳು. ಉಚ್ಚಂಗಪ್ಪ ನೊಗಕ್ಕೆ ಮಿಣಿಹಗ್ಗ ಸುತ್ತುತ್ತಿದ್ದ. ಹೋದ ವರ್ಷಕ್ಕಿಂತ ಬಗ್ಗಿದ್ದ. ನಾನು ಡಬ್ಬಿಯ ಎರಡು ಕಾಗದದ ವಿಷಯವನ್ನು ತೊದಲುತ್ತ ಹೇಳಿದೆ.

ಅವನು ಎಲ್ಲ ಕೇಳಿಸಿಕೊಂಡು ಕೈಯಲ್ಲಿದ್ದ ನೊಗ ತೋರಿಸಿದ. "ಹಂಗಾರೆ ಹಿಂಗೆ. ಈ ತುದಿ ತಗ್ಗಿದ್ರೆ ಆ ತುದಿ ಏಳ್ತತೆ. ತಗ್ಗಿದ್ದು ರೋಣಿ, ಎದ್ದಿದ್ದು ಜೇಷ್ಠೆ."

"ಹೌದು. ನೀವು ಇಷ್ಟು ವರ್ಷ ಹೇಳಿದ ದಿನ ಸರಿಯಾಗೇ ಇತ್ತು."

"ಇದು ನಿಮಗೆ ಯಾವಾಗ ತಿಳೀತು ಮೇಷ್ಟ್ರೇ?"

"ಹೋದ ವರ್ಷ ಜುಲೈನಲ್ಲಿ."

ಉಚ್ಚಂಗಪ್ಪ ನೊಗವನ್ನು ಗೋಡೆಗೆ ಒರಗಿಸಿದ. ಅವನು ಬೈಯಲಿ ಎಂದು ಕಾದೆ. ಬೈಯಲಿಲ್ಲ. "ಬನ್ನಿ, ಹೊತ್ತಾತು" ಎಂದು ಏರಿಯ ಕಡೆ ನಡೆದ. ಹಿಂದೆ ಹೋದೆ.

ಪಡುವಲದ ಕೆಂಪು ಇನ್ನೂ ಆರಿರಲಿಲ್ಲ. ಊರಿನಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು. ಮುನ್ನೂರ ಹನ್ನೆರಡು ನಕ್ಷತ್ರ ಮಾಡಿದವನಿಗೆ ಆ ಬರಿಯ ಆಕಾಶದಲ್ಲಿ ಒಂದೂ ಗುರುತು ಹತ್ತಲಿಲ್ಲ. "ಹುಣಸೆ ಮರದ ಬಲಗಡೆ ಟೊಂಗೆ ನೋಡಿ. ಅಲ್ಲಲ್ಲ, ಅದರ ಮೇಲೆ" ಎಂದು ನನ್ನ ಭುಜ ಹಿಡಿದು ತಿರುಗಿಸಿದ. ಕೆಂಪಗೆ, ಸಣ್ಣದಾಗಿ, ಕಂಡಿತು. ಪೆಪ್ಪರಮೆಂಟಿನ ಕಾಗದದಷ್ಟು ಕೆಂಪೇನೂ ಇರಲಿಲ್ಲ.

"ನಾಡಿದ್ದು ಹೂಡ್ಲಿ" ಎಂದ.

"ಉಚ್ಚಂಗಪ್ಪನವರೇ, ಬನ್ನಿ ಊರೊಳಗೆ ಹೋಗೋಣ. ತಪ್ಪು ನಂದು ಅಂತ ಎಲ್ಲರ ಮುಂದೆ ನಾನೇ ಹೇಳ್ತೇನೆ. ನೀವು ಹೇಳಿದ ದಿನ ಅಂತಲೇ ಹೇಳ್ತೇನೆ."

"ಬ್ಯಾಡ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅವಸರವಿತ್ತು. "ನಾನು ಹೇಳ್ದೆ ಅಂದ್ರೆ ಈ ವರ್ಷನೂ ಯಾರೂ ಬಿತ್ತಾದಿಲ್ಲ. ಡಬ್ಬಿ ನೋಡಿ ಹೇಳಿದೆ ಅನ್ನಿ. ಹೋಗಿ, ಬ್ಯಾಗ ಹೋಗಿ. ನೆಲ ಹದ ತಪ್ಪತತೆ."

ನಾನು ಲೋಕಪ್ಪನ ಮನೆಗೆ ಹೋಗಿ ಹಾಗೆಯೇ ಹೇಳಿದೆ. ಡಬ್ಬಿ ನೋಡಿದೆ, ನಾಡಿದ್ದು ಹೂಡಿ ಎಂದೆ. ಲೋಕಪ್ಪ ಎರಡೂ ಕೈ ಜೋಡಿಸಿದ.

ಮೂರನೆಯ ದಿನ ಬೆಳಿಗ್ಗೆ ನನ್ನನ್ನು ಗಾಡಿ ಕಟ್ಟಿಸಿ ಕರೆಸಿಕೊಂಡರು. ಕೂರಿಗೆಗಳು ಅರಿಸಿನ ಹಚ್ಚಿಸಿಕೊಂಡು ಸಾಲಾಗಿ ನಿಂತಿದ್ದವು. ಮೊದಲ ಹಿಡಿ ಬೀಜ ನನ್ನ ಕೈಯಿಂದಲೇ ಬೀಳಬೇಕೆಂದರು. ಜನ ದಾರಿ ಬಿಟ್ಟು ನಿಂತರು. ಒಂದೊಂದೇ ಬಟ್ಟಲಿಗೆ ಹಾಕುತ್ತ ಸಾಲಿನ ಕೊನೆಗೆ ಬಂದೆ. ಅಲ್ಲಿ ತನ್ನ ಎತ್ತುಗಳ ಹಗ್ಗ ಹಿಡಿದು ಉಚ್ಚಂಗಪ್ಪ ನಿಂತಿದ್ದ. ನನ್ನ ಕೈ ಬಟ್ಟಲಿನ ಮೇಲೆಯೇ ನಿಂತುಬಿಟ್ಟಿತು.

"ಹಾಕಿ ಮೇಷ್ಟ್ರೇ" ಎಂದ ಅವನು ಮೆಲ್ಲಗೆ. "ಜನ ನೋಡ್ತಾ ಇದಾರೆ."